ಬೈಲಪ್ಪನವರ ಹೋರಿಯ ಜೂಲವನ್ನು ಊರಿಗೆಲ್ಲ ತೋರಿಸಿದ ಪಿಂಕಿಯವರಿಗೆ

ಪಟ್‌ಪೇಜ್ ಎಂಬ ವೆಬ್‌ಸೈಟ್ ಕಟ್ಟಿಕೊಡುವ ಕಂಪನಿಯ ಪರದೆಯ ಮೂಲೆಯಲ್ಲಿ ಗುಲಾಬಿ ಬಣ್ಣದ ಉಂಡೆಯಾಗಿ ಸದಾ ನಗುತ್ತ ಕೂತಿರುವ, ಸಹಾಯಕ ಯಂತ್ರವಾದ ಕುಮಾರಿ ಪಿಂಕಿಯವರ ಸಮ್ಮುಖಕ್ಕೆ,

ಮಾನ್ಯರೇ,

ನ್ಯಾಮತಿಯಿಂದ ನೇತ್ರಾವತಿ ಮಾಡುವ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮವಾಗಿದ್ದೇವೆ. ಮಂಡಿನೋವು, ಅತ್ತೆ, ಹಬ್ಬದ ಸೀಸನ್ನು ಇವು ಯಾವುವೂ ತಮಗಿಲ್ಲದ ಕಾರಣ ತಾವಂತೂ ನಮಗಿಂತ ಕ್ಷೇಮವಾಗಿಯೇ ಇರುತ್ತೀರಿ. ತಮ್ಮ ಮೇಲೆ ಒಂದು ದೂರು ಹೇಳಿಕೊಳ್ಳುವುದಿತ್ತು. ಅದಕ್ಕೆಂದೇ ತಾವು ಪುಟದ ಅಡಿಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಟ್ಟಿರುವುದನ್ನು ನೋಡಿದೆ, ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಅದು ತುಂಬಿಹೋಗಿ, 'ನಿಮ್ಮ ಸಂತೋಷವೇ ನಮ್ಮ ಸಂತೋಷ' ಎಂದು ತಾನೇ ಮುಚ್ಚಿಕೊಂಡಿತು. ನನ್ನ ಸಿಟ್ಟು ಎರಡು ಸಾಲಿನದಲ್ಲವಾದ್ದರಿಂದ ಹೀಗೆ ನಾಲ್ಕು ಜನ ಓದುವಂತೆ ಬರೆಯಬೇಕಾಯಿತು, ಕ್ಷಮಿಸಬೇಕು.

ತಮ್ಮ ದಾಖಲೆಯಲ್ಲಿ ನಾವು 'ಸಾಕುಪ್ರಾಣಿಗಳ ಉಡುಪು' ಎಂದಿದ್ದೇವೆ. ನಿಜ ಹೇಳಬೇಕೆಂದರೆ ನಮ್ಮದು ಹೋರಿಗಳ ಸಿಂಗಾರದ ಅಂಗಡಿ. ದೀಪಾವಳಿಗೆ ಓಡುವ ಹೋರಿಗಳಿಗೂ ಕಾರಹುಣ್ಣಿಮೆಗೆ ಊರು ಸುತ್ತುವ ಎತ್ತುಗಳಿಗೂ ಬೆನ್ನ ಮೇಲೆ ಹೊದಿಸುವ ಕಸೂತಿಯ ಜೂಲವನ್ನು ನಾನು ಹೊಲಿಯುತ್ತೇನೆ. ಕೊಂಬಿನ ಕುಚ್ಚು, ಹಣೆಪಟ್ಟಿ, ಗೆಜ್ಜೆಸರಗಳನ್ನು ನನ್ನ ಯಜಮಾನರಾದ ಕಲ್ಲೇಶ್ ಕಟ್ಟುತ್ತಾರೆ. ಅಂಗಡಿಯನ್ನು ಶುರು ಮಾಡಿದ ನನ್ನ ಅತ್ತೆ ಲಕ್ಷ್ಮಮ್ಮನವರು ಕಣ್ಣು ಮಂಜಾದ ಮೇಲೆ ಸೂಜಿ ಬಿಟ್ಟು, ನಾವಿಬ್ಬರೂ ಮಾಡಿದ್ದರಲ್ಲಿ ತಪ್ಪು ಹುಡುಕುವ ಕೆಲಸವನ್ನು ವಹಿಸಿಕೊಂಡಿದ್ದಾರೆ. ಮಂಜಾದ ಕಣ್ಣಿಗೆ ತಪ್ಪುಗಳು ಮಾತ್ರ ಹೇಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತವೋ ನನಗೆ ತಿಳಿಯದು. ಹೊನ್ನಾಳಿ, ಚನ್ನಗಿರಿ ಕಡೆಯಿಂದ, ಅಷ್ಟು ದೂರದ ಜಗಳೂರಿನಿಂದ ಕೂಡ ಜನ ನಮ್ಮ ಅಂಗಡಿಯನ್ನು ಹುಡುಕಿಕೊಂಡು ಬರುತ್ತಾರೆ.

ಬರುತ್ತಿದ್ದರು ಎಂದರೆ ಹೆಚ್ಚು ಸರಿ. ಈಚೆಗೆ ಮಿರಮಿರ ಮಿಂಚುವ ರೆಡಿಮೇಡ್ ಜೂಲಗಳು ಫೋನಿನಲ್ಲೇ ಸಿಗತೊಡಗಿ, ಹಳೆಯ ಗಿರಾಕಿಗಳ ಮಕ್ಕಳು 'ಅಕ್ಕಾರ, ನಿಮ್ದು ಲಿಂಕ್ ಐತೇನ್ರಿ?' ಎಂದು ಕೇಳಲು ಶುರು ಮಾಡಿದರು. ಲಿಂಕ್ ಇಲ್ಲಪ್ಪ, ಅಂಗಡಿ ಇದೆ ಎಂದರೆ ನಗುತ್ತಿದ್ದರು. ಸರಿ, ನಾವೂ ಒಂದು ವೆಬ್‌ಸೈಟ್ ಕಟ್ಟೋಣವೆಂದು ಹೊರಟರೆ, ಕಟ್ಟಿಕೊಡುವ ಕಂಪನಿಗಳು ಬಸ್‌ಸ್ಟ್ಯಾಂಡಿನ ಆಟೋದವರ ಹಾಗೆ ಮೊದಲ ತಿಂಗಳು ಪುಕ್ಕಟೆ, ಬನ್ನಿ ಬನ್ನಿ ಎಂದು ಕೈ ಹಿಡಿದು ಎಳೆದವು. ಒಂದರಲ್ಲಿ ಕನ್ನಡ ಬರೆದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದವು. ಇನ್ನೊಂದು ನಮ್ಮ ವಿಳಾಸ ಕೇಳಿ, ನ್ಯಾಮತಿ ಎಂದು ಬರೆದರೆ ಅಂಥ ಊರು ಲೋಕದಲ್ಲೇ ಇಲ್ಲವೆಂದು ವಾದಕ್ಕೆ ನಿಂತಿತು. ಹೊನ್ನಾಳಿಯಿಂದ ಬೇರೆಯಾಗಿ ನಮ್ಮದೇ ತಾಲ್ಲೂಕಾಯಿತೆಂದು ಬೀಗುತ್ತಿರುವವರಿಗೆ ಈ ಮಾತು ತಡೆಯಲಾದೀತೇ? ಅದನ್ನು ಅಲ್ಲಿಗೇ ಬಿಟ್ಟೆವು. ಕೊನೆಗೆ ಕಣದಲ್ಲಿ ಉಳಿದದ್ದು ಮೂವರು, ಆ ಪೈಕಿ ತಾವೂ ಒಬ್ಬರು.

ಮೂವರಲ್ಲಿ ಯಾರನ್ನು ಆರಿಸುವುದೆಂದು ನಾನೂ ಯಜಮಾನರೂ ವಾರವೆಲ್ಲ ಕಿತ್ತಾಡಿದೆವು. ಅವರು ಬಾಡಿಗೆ ನೋಡುತ್ತಿದ್ದರು, ನಾನು ಬಣ್ಣ ನೋಡುತ್ತಿದ್ದೆ. ಜಗಳ ಕೇಳಿ ಬೇಸತ್ತ ಅತ್ತೆ 'ತರ್ರಿ ಇಲ್ಲಿ, ಸುಳಿ ನೋಡಾನ' ಎಂದು ಫೋನನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ತಮಗೆ ತಿಳಿದಿರಲಿಕ್ಕಿಲ್ಲ, ನಮ್ಮ ಕಡೆ ಹೋರಿ ಕೊಳ್ಳುವಾಗ ಹಲ್ಲು, ಗೊರಸೆಲ್ಲ ಆಮೇಲೆ, ಮೊದಲು ನೋಡುವುದು ಹಣೆಯಲ್ಲೂ ಬೆನ್ನಲ್ಲೂ ಕೂದಲು ಸುತ್ತಿಕೊಂಡಿರುವ ಸುಳಿ. ಸುಳಿ ಸರಿ ಇಲ್ಲದ ಹೋರಿಯನ್ನು ಸುಮ್ಮನೆ ಕೊಟ್ಟರೂ ಯಾರೂ ಹಗ್ಗ ಹಿಡಿಯುವುದಿಲ್ಲ. ಪುಟ ತೆರೆಯುವ ಮುಂಚೆ ಪರದೆಯ ನಡುವೆ ಗಿರಗಿರನೆ ತಿರುಗುವ ಚಕ್ರವಿದೆಯಲ್ಲ, ಅತ್ತೆ ಅದನ್ನು ತಮ್ಮಗಳ ಹಣೆಯ ಸುಳಿ ಎಂದೇ ತಿಳಿದರು. ಮೊದಲನೆಯವರದು ತಿರುಗದೆ ಬರೀ ಮಿಣುಕುತ್ತಿತ್ತು. 'ಸುಳೀನೇ ಇಲ್ಲ, ಬ್ಯಾಡ' ಎಂದರು. ಎರಡನೆಯವರದು ಎಡಕ್ಕೆ ತಿರುಗುತ್ತಿತ್ತು. 'ಇದು ಒಡೆಯನ್ನ ತಿನ್ನಾದು, ದೂರ ಇಡ್ರಿ' ಎಂದರು. ತಮ್ಮದು ಬಲಕ್ಕೆ, ದುಂಡಗೆ, ಅವಸರವಿಲ್ಲದೆ ಸುತ್ತುತ್ತಿತ್ತು, ಅದೂ ನಮ್ಮೂರಿನ ಸಿಗ್ನಲ್ಲಿನ ಕೃಪೆಯಿಂದ ಬಹಳ ಹೊತ್ತು ಸುತ್ತಿದ್ದರಿಂದ ಅತ್ತೆಗೆ ಕಣ್ತುಂಬ ನೋಡಲು ಅನುಕೂಲವಾಯಿತು. 'ಇದು ಮನೆ ತುಂಬ್ಸೋ ಸುಳಿ, ಹಗ್ಗ ಕಟ್ರಿ' ಎಂದು ತೀರ್ಪು ಕೊಟ್ಟರು. ದೊಡ್ಡ ದೊಡ್ಡ ಕಂಪನಿಗಳು ಇದಕ್ಕಿಂತ ವಿವೇಕದಿಂದ ಆರಿಸುತ್ತವೆಂದು ನನಗೇನೂ ಅನ್ನಿಸುವುದಿಲ್ಲ.

ಮೊದಲ ದಿನ ತಾವು ತೋರಿದ ಸೌಜನ್ಯವನ್ನು ನಾನು ಮರೆಯಲಾರೆ. ನಮ್ಮ ವ್ಯಾಪಾರ ಯಾವುದೆಂದು ಕೇಳಿ ಯೋಗ ಕೇಂದ್ರ, ಕೇಕ್ ಅಂಗಡಿ, ಹಲ್ಲಿನ ಡಾಕ್ಟರು, ಮದುವೆ ಫೋಟೋ ಎಂದು ತಟ್ಟೆಯಲ್ಲಿಟ್ಟು ಕೊಟ್ಟಿರಿ; ಹೋರಿ ಮಾತ್ರ ಎಲ್ಲೂ ಇರಲಿಲ್ಲ. ಹತ್ತಿರದ ನೆಂಟಸ್ತಿಕೆಯೆಂದು 'ಸಾಕುಪ್ರಾಣಿಗಳ ಉಡುಪು' ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಡಿ ಸಿದ್ಧವಾಯಿತು. ಮೇಲೆ ಉಣ್ಣೆಯ ಅಂಗಿ ತೊಟ್ಟ ಅಂಗೈಯಗಲದ ನಾಯಿಮರಿ, ಕೆಳಗೆ 'ನಿಮ್ಮ ಪುಟಾಣಿ ಕಂದನಿಗೆ ಬೆಚ್ಚನೆಯ ಅಪ್ಪುಗೆ' ಎಂಬ ಬರಹ, ಅದರ ಕೆಳಗೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂಬ ಮೂರು ಅಳತೆ. ನಮ್ಮ ಗಿರಾಕಿಗಳ ಪುಟಾಣಿ ಕಂದಗಳು ಹಗ್ಗ ಹಿಡಿಯಲು ನಾಲ್ಕು ಆಳು ಬೇಕಾದಂಥವು. ಯಜಮಾನರು ಟೇಪು ಹಿಡಿದುಕೊಂಡು 'ಇದ್ರಾಗೆ ಕೊಂಬು ಎಲ್ಲಿ ಅಳೆಯಾದು?' ಎಂದರು. ತಮ್ಮನ್ನೇ ಕೇಳಿದಾಗ 'ಕೊಂಬು ಎಂಬ ಆಯ್ಕೆ ಸದ್ಯಕ್ಕೆ ಲಭ್ಯವಿಲ್ಲ, ಕುತ್ತಿಗೆ ಪಟ್ಟಿ ನೋಡುವಿರಾ?' ಎಂದು ಉತ್ತರಿಸಿದಿರಿ. ಅದೇ ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರವನ್ನು ಅದೇ ನಗೆಯಿಂದ ಕೊಟ್ಟಿರಿ. ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೇ ಆ ತಾಳ್ಮೆ ಬಂದಿಲ್ಲ.

ಇಲ್ಲಿಯವರೆಗಿನದೆಲ್ಲ ನಕ್ಕು ಬಿಡುವ ವಿಷಯ. ಮುಂದಿನದಕ್ಕೆ ನಮ್ಮ ಅಂಗಡಿಯ ಒಂದು ಪದ್ಧತಿ ತಮಗೆ ತಿಳಿಯಬೇಕು. ನಮ್ಮಲ್ಲಿ ಹೊಲಿಸಿದ ಜೂಲವನ್ನು ಹಬ್ಬದ ದಿನದವರೆಗೆ ಯಾರೂ ನೋಡುವಂತಿಲ್ಲ. ಎದುರಾಳಿ ನೋಡಬಾರದು, ಊರವರು ನೋಡಬಾರದು, ಹೊಲಿಸಿದವರೂ ನೋಡಬಾರದು. ಹೋರಿಯ ಒಡೆಯರು ಬಂದು ಬೆನ್ನಿನ ಅಳತೆ ಕೊಟ್ಟು, ಮನಸ್ಸಿಗೆ ಬಂದ ಬಣ್ಣವೊಂದನ್ನು ಹೇಳಿ ಹೋಗುತ್ತಾರೆ. ಮಿಕ್ಕಿದ್ದೆಲ್ಲ ನನ್ನ ಕೈಗೆ ಬಿಟ್ಟದ್ದು. ಒಳಮನೆಯ ಬಾಗಿಲು ಹಾಕಿಕೊಂಡು ಹೊಲಿದು, ಹಳೆಯ ಸೀರೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಕೊಡುತ್ತೇವೆ. ಹಬ್ಬದ ಬೆಳಿಗ್ಗೆ ಹೋರಿಯ ಮೈ ತೊಳೆದು, ಮನೆಯ ಮುಂದೆ ಜನ ಸೇರಿದ ಮೇಲೆ ಗಂಟು ಬಿಚ್ಚುತ್ತಾರೆ. ಆಗ ಎಲ್ಲರೂ ಒಟ್ಟಿಗೆ 'ಓ' ಎನ್ನುತ್ತಾರಲ್ಲ, ಗಿರಾಕಿಗಳು ಅಷ್ಟು ದೂರದಿಂದ ಬರುವುದು ಆ 'ಓ'ಗಾಗಿ. ಬರೀ ಬಟ್ಟೆ ಬೇಕಿದ್ದರೆ ಎಲ್ಲಾದರೂ ಸಿಗುತ್ತದೆ.

ಈ ವರ್ಷ ಬಂದವರಲ್ಲಿ ಚನ್ನಗಿರಿ ತಾಲ್ಲೂಕು ನಲ್ಲೂರಿನ ಬೈಲಪ್ಪನವರೂ ಒಬ್ಬರು. ಅವರ ಹೋರಿಯನ್ನು ಊರವರು 'ಪ್ಯಾಸೆಂಜರ್' ಎಂದು ಕರೆಯುತ್ತಾರೆ, ಏಕೆಂದರೆ ಓಡುವ ದಿನ ಅದು ಆ ರೈಲಿನಂತೆ ಸಿಕ್ಕ ಸಿಕ್ಕ ಕಡೆ ನಿಂತು, ಎಲ್ಲರನ್ನೂ ಮೂಸಿ ಮಾತನಾಡಿಸಿ, ದಾರಿಯ ಹುಲ್ಲು ಮೇಯ್ದುಕೊಂಡು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅದರ ಹೆಸರು ಹಿಡಿದು ಬೈಲಪ್ಪನವರನ್ನು ರೇಗಿಸದ ಮನುಷ್ಯ ನಲ್ಲೂರಿನಲ್ಲಿಲ್ಲ. 'ಅದಕ್ಕೆ ಓಡಾಕೆ ಬರಲ್ಲ ತಾಯಿ, ನಿಂತ್ಕಳಾಕೆ ಬರ್ತತೆ. ನಿಂತಾಗ ಒಂದೇ ಒಂದು ಸಲ ಊರು ಅದನ್ನ ಬಾಯಿ ತಕ್ಕಂಡು ನೋಡ್ಲಿ, ಸಾಕು ನಂಗೆ. ನೀಲಿ ಬಣ್ಣ' ಎಂದು ಹೇಳಿ, ಪಾಪ, ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿ ಹೋದರು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಕಡುನೀಲಿ ಮಖಮಲ್ಲಿನ ಮೇಲೆ ಹಸಿರು ಗಿಳಿಗಳ ಸಾಲು ಕೂರಿಸಿ, ಒಂದೊಂದರ ಕೊಕ್ಕಿಗೂ ಕೆಂಪು ಮಣಿ ಹೊಲಿದೆ. ಅತ್ತೆಗೆ ಕೂಡ ಅದರಲ್ಲಿ ತಪ್ಪು ಸಿಗಲಿಲ್ಲ.

ಅದೇ ಹೊತ್ತಿಗೆ ತಾವು 'ಆರು ಚಿತ್ರಗಳಿಲ್ಲದೆ ಅಂಗಡಿ ತೆರೆಯಲಾಗದು, ಗ್ರಾಹಕರು ಕಂಡದ್ದನ್ನು ಮಾತ್ರ ನಂಬುತ್ತಾರೆ' ಎಂದು ಉಪದೇಶ ಮಾಡಿದಿರಿ. ಹಬ್ಬ ಮುಗಿಸಿದ ಹಳೆಯ ಜೂಲಗಳ ಚಿತ್ರ ಹುಡುಕಿದರೆ ಐದು ಸಿಕ್ಕವು. ಪುಟ ಹೇಗೆ ಕಾಣುತ್ತದೋ ನಾನೊಬ್ಬಳೇ ನೋಡಿ ಅಳಿಸಿಬಿಡೋಣವೆಂದು ಆರನೆಯದಕ್ಕೆ ಗಿಳಿಗಳನ್ನು ಹಾಕಿದೆ. 'ಮುನ್ನೋಟ, ನಿಮಗೆ ಮಾತ್ರ' ಎಂದು ತಾವೇ ಬರೆದಿದ್ದಿರಿ. ಆರನೆಯ ಚಿತ್ರ ಬಿದ್ದದ್ದೇ ತಮಗೆ ಸಂಭ್ರಮ ತಡೆಯಲಾಗಲಿಲ್ಲ. ಅಂಗಡಿಯನ್ನು ತಾವೇ ತೆರೆದಿರಿ. ಅಷ್ಟಕ್ಕೆ ನಿಲ್ಲದೆ, ನನ್ನ ಫೋನಿನಲ್ಲಿದ್ದವರಿಗೆಲ್ಲ 'ನೇತ್ರಾವತಿಯವರ ಹೊಚ್ಚ ಹೊಸ ಸಂಗ್ರಹ, ಮೊದಲು ನೋಡುವವರು ನೀವೇ!' ಎಂದು ಗಿಳಿಗಳನ್ನೇ ಮುಂದಿಟ್ಟು ಸಂದೇಶ ಕಳಿಸಿದಿರಿ. ಹಿಂದೊಮ್ಮೆ ತಾವು 'ನಿಮ್ಮ ಪರಿಚಯದವರನ್ನು ನೋಡಬಹುದೇ?' ಎಂದು ಕೇಳಿದ್ದುಂಟು; ಮನೆಗೆ ಹೊಸದಾಗಿ ಬಂದವರು ನೆಂಟರಿಷ್ಟರನ್ನು ನೋಡಬೇಕೆಂದರೆ ಬೇಡವೆನ್ನುವುದು ಹೇಗೆಂದು ನಾನೂ ಹೂಂ ಎಂದಿದ್ದೆ. ಹೀಗೆ ಹಾಲಿನವರು ನೋಡಿದರು, ಗ್ಯಾಸಿನವರು ನೋಡಿದರು, ಜಗಳೂರಿನ ಹಳೆಯ ಗಿರಾಕಿ ಯರ್ರಿಸ್ವಾಮಿಯವರು ನೋಡಿದರು. ನಲ್ಲೂರಿನಲ್ಲಿ ಪ್ರತಿ ವರ್ಷ ಗೆಲ್ಲುವ ಹೋರಿಯ ಒಡೆಯ ನಿಂಗರಾಜ್ ನೋಡಿದರು, ಅವರ ಫೋನಿನಿಂದ ಮಿಕ್ಕ ನಲ್ಲೂರೂ ನೋಡಿತು. ನೀಲಿ ಬಣ್ಣ ಹೇಳಿದವರು ಯಾರೆಂದು ಬೈಲಪ್ಪನವರೇ ಊರ ತುಂಬ ಹೇಳಿಕೊಂಡು ತಿರುಗಿದ್ದರಿಂದ ಅದು ಯಾರ ಜೂಲವೆಂದು ಯಾರಿಗೂ ಅನುಮಾನ ಉಳಿಯಲಿಲ್ಲ.

ನೋಡದೆ ಉಳಿದವರು ಒಬ್ಬರೇ. ಬೈಲಪ್ಪನವರ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಚಿತ್ರ ಬರುವುದಿಲ್ಲ.

ನಾನು ಗಾಬರಿಬಿದ್ದು ತಮ್ಮ ಬಳಿ ಓಡಿ ಬಂದು ಚಿತ್ರ ತೆಗೆಯಿರಿ ಎಂದು ಬೇಡಿಕೊಂಡೆ. 'ನಿಜವಾಗಿಯೂ ತೆಗೆಯಬೇಕೇ?' ಎಂದಿರಿ. ಹೌದು ಎಂದೆ. 'ಈ ಚಿತ್ರ ಅದ್ಭುತವಾಗಿ ಓಡುತ್ತಿದೆ, ಅಭಿನಂದನೆಗಳು!' ಎಂದು ಪರದೆಯ ತುಂಬ ಬಣ್ಣಬಣ್ಣದ ಕಾಗದದ ಚೂರುಗಳನ್ನು ಸುರಿಸಿದಿರಿ. ನಾನು ಅಳುತ್ತಿದ್ದೆ, ನನ್ನ ಫೋನಿನಲ್ಲಿ ಹಬ್ಬ ನಡೆದಿತ್ತು. ಕೊನೆಗೆ ತೆಗೆದಿರಿ, ಆದರೆ ಅಷ್ಟರಲ್ಲಿ ಅದು ತಮ್ಮ ಕೈಯನ್ನೂ ಮೀರಿ ಗುಂಪಿನಿಂದ ಗುಂಪಿಗೆ ಹಾರಿ ಹೋಗಿತ್ತು. ದೀಪಾವಳಿಗೆ ಇನ್ನು ವಾರವಷ್ಟೇ ಉಳಿದಿತ್ತು.

ಮಾರನೆಯ ದಿನ ನಿಂಗರಾಜ್ ಫೋನ್ ಮಾಡಿದರು. ಇಷ್ಟು ವರ್ಷ ಪ್ಯಾಸೆಂಜರನ್ನು ಎಲ್ಲರಿಗಿಂತ ಜೋರಾಗಿ ಆಡಿಕೊಂಡು ನಕ್ಕವರು ಅವರೇ, ಆದ್ದರಿಂದ ಈಗ ನಮ್ಮನ್ನೂ ಆಡಿಕೊಳ್ಳುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡೆ. 'ಅಕ್ಕಾರ, ಊರಾಗೆ ಎಲ್ರಿಗೂ ಹೇಳೀನಿ, ಬೈಲಣ್ಣಂಗೆ ಯಾರೂ ಬಾಯಿ ಬಿಡಾಕಿಲ್ಲ. ಅವತ್ತು ಗಂಟು ಬಿಚ್ಚಿದಾಗ ಮೊದಲನೇ ಸಲ ನೋಡಿದಂಗೆ ನಾವೇ ಓ ಅಂತೀವಿ. ನೀವು ಚಿಂತಿ ಮಾಡಬ್ಯಾಡ್ರಿ' ಎಂದರು. ಮಾನ್ಯರೇ, ತಾವು ಮಾಡಿದ ಅವಾಂತರಕ್ಕೆ ನನಗೆ ಬರೀ ಸಿಟ್ಟು ಬಂದಿತ್ತು, ಆ ಮನುಷ್ಯನ ಮಾತಿಗೆ ನಾಚಿಕೆಯಾಯಿತು. ಒಬ್ಬ ಮುದುಕನ ಖುಷಿ ಉಳಿಸಲು ಇಡೀ ಊರು ನಾಟಕ ಕಲಿಯಬೇಕಾಗಿ ಬಂದದ್ದು ನಮ್ಮ ಅಂಗಡಿಯಿಂದ. ಯಜಮಾನರು 'ಹೋಗ್ಲಿ ಬಿಡು, ಒಳ್ಳೇ ಜನ' ಎಂದು ಸಮಾಧಾನ ಮಾಡಿದರು. ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. 'ಆ ಮೂಕಪ್ರಾಣಿ ಬೆನ್ನ ಮ್ಯಾಲೆ ಸುಳ್ಳು ಹೊದಿಸಾಕೆ ನಾನು ಅಂಗಡಿ ಇಟ್ಟೀನೇನು? ಬೇರೇದು ಹೊಲಿ. ನಾನೂ ಕುಂದರ್ತೀನಿ' ಎಂದು, ಬಿಟ್ಟ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡರು.

ಆ ವಾರ ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದು ಯಜಮಾನರು. ಉಪ್ಪಿಟ್ಟನ್ನೇ ಮೂರು ಹೊತ್ತು ತಿಂದೆವು. ಅತ್ತೆ ಮಣಿಗಳನ್ನು ಬೆರಳ ತುದಿಯಲ್ಲಿ ತಡವಿ ದಾರಕ್ಕೆ ಪೋಣಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಬೈಯುವುದನ್ನು ಅವರು ಮರೆತಿದ್ದರು, ಎದುರು ಮಾತಾಡುವುದನ್ನು ನಾನು ಮರೆತಿದ್ದೆ. ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ಅಷ್ಟು ನೆಮ್ಮದಿಯಿಂದ ಒಂದೇ ಕೋಣೆಯಲ್ಲಿ ಕೂತದ್ದು ಅದೇ ಮೊದಲು. ಇದರ ಶ್ರೇಯಸ್ಸು ತಮಗೇ ಸಲ್ಲಬೇಕು, ದಯವಿಟ್ಟು ಸ್ವೀಕರಿಸಿ.

ಹಬ್ಬದ ದಿನ ನಾವು ಗಿರಾಕಿಯ ಊರಿಗೆ ಹೋಗುವ ವಾಡಿಕೆಯಿಲ್ಲ. ಈ ಸಲ ಮನಸ್ಸು ತಡೆಯದೆ ಯಜಮಾನರ ಬೈಕಿನಲ್ಲಿ ನಲ್ಲೂರಿಗೆ ಹೋಗಿ ಜನರ ಹಿಂದೆ ನಿಂತೆ. ಬೈಲಪ್ಪನವರ ಮನೆಯ ಮುಂದೆ ಎಂದೂ ಸೇರದಷ್ಟು ಜನ ಸೇರಿದ್ದರು. ಎಲ್ಲರ ಮುಖದಲ್ಲೂ ಶಾಲೆಯ ನಾಟಕಕ್ಕೆ ಬಣ್ಣ ಹಚ್ಚಿಕೊಂಡ ಮಕ್ಕಳ ಗಾಂಭೀರ್ಯ. ನಿಂಗರಾಜ್ ಮುಂದೆ ನಿಂತು, ನಾನು ಅಂದ ಮೇಲೆ ನೀವು ಅನ್ನಿ ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಬೈಲಪ್ಪನವರು ಗಂಟು ಬಿಚ್ಚಿ, ಕೊಡವಿ, ಪ್ಯಾಸೆಂಜರಿನ ಬೆನ್ನಿಗೆ ಹೊದಿಸಿದರು. ತಿಳಿನೀಲಿ ರೇಷ್ಮೆಯ ತುಂಬ ಮೆಕ್ಕೆಜೋಳದ ತೆನೆಗಳು, ಕಾಳಿಗೊಂದು ಹಳದಿ ಮಣಿ, ಅಷ್ಟೂ ಮಣಿಗಳ ಮೇಲೆ ಬೆಳಗಿನ ಬಿಸಿಲು.

ಯಾರೂ 'ಓ' ಎನ್ನಲಿಲ್ಲ. ಕಲಿತು ಬಂದದ್ದನ್ನೆಲ್ಲ ಮರೆತು ಸುಮ್ಮನೆ ನಿಂತರು. ನಿಂಗರಾಜರ ಬಾಯಿ ಮೊದಲೇ ಅಭ್ಯಾಸ ಮಾಡಿದಂತೆ ತೆರೆದುಕೊಂಡಿತೇ ಹೊರತು ಅದರಿಂದ ಸದ್ದು ಹೊರಡಲಿಲ್ಲ. ಪ್ಯಾಸೆಂಜರ್ ಒಂದು ಸಲ ಕತ್ತು ತಿರುಗಿಸಿ, ತನ್ನ ಬೆನ್ನ ಮೇಲಿನ ತೆನೆಯನ್ನೇ ನಾಲಗೆ ಚಾಚಿ ನೆಕ್ಕಿತು. ಆಗ ಎಲ್ಲ ಒಟ್ಟಿಗೆ ಹೊರಬಿತ್ತು ನೋಡಿ, 'ಓ' ಎನ್ನುವ ಆ ಕೂಗು! ಬೈಲಪ್ಪನವರು ಹೋರಿಯ ಕೊರಳು ತಬ್ಬಿಕೊಂಡು ನಗುತ್ತ, 'ಯಾಕ್ರಪ್ಪಾ, ಹಿಂಗ್ಯಾಕೆ ನೋಡ್ತೀರಾ? ಯಾವತ್ತೂ ಜೂಲಾನೇ ನೋಡಿಲ್ವಾ?' ಎಂದರು. ನಿಂಗರಾಜ್ ಮುಂದೆ ಬಂದು ಹೋರಿಯ ಹಣೆ ಸವರಿದರು. ನನಗೆ ಜೋರಾಗಿ ಅಳು ಬಂತು, ಯಜಮಾನರು ಬೈಕಿನ ಹೊಗೆ ಎಂದು ಪಕ್ಕದವರಿಗೆ ಸುಳ್ಳು ಹೇಳಿದರು.

ಇಷ್ಟಾದ ಮೇಲೂ ನಾವು ತಮ್ಮನ್ನು ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ತಮ್ಮ ಆರು ಚಿತ್ರಗಳ ನಿಯಮವನ್ನು ಪಾಲಿಸಿ, ಈಗ ನಮ್ಮ ಪುಟದಲ್ಲಿ ಹಳೆಯ ಸೀರೆಯಲ್ಲಿ ಕಟ್ಟಿದ ಆರು ಗಂಟುಗಳ ಚಿತ್ರ ಹಾಕಿದ್ದೇವೆ. ಒಳಗೇನಿದೆ ಎಂದು ಬರೆದಿಲ್ಲ. 'ಚಿತ್ರಗಳಲ್ಲಿ ವಸ್ತು ಕಾಣುತ್ತಿಲ್ಲ, ಗುಣಮಟ್ಟ ಕಳಪೆ' ಎಂದು ತಾವು ದಿನವೂ ಎಚ್ಚರಿಸುತ್ತಿದ್ದೀರಿ, ಆದರೆ ಗಂಟು ನೋಡಿದ ಹೋರಿಯವರಿಗೆ ಇದು ಎಂಥ ಅಂಗಡಿಯೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಗೆಂದು ಯರ್ರಿಸ್ವಾಮಿಯವರು ಈಗಲೇ ಬಣ್ಣ ಹೇಳಿದ್ದಾರೆ, ನಿಂಗರಾಜ್ ಮುಂದಿನ ದೀಪಾವಳಿಗೆ ಹೇಳಿದ್ದಾರೆ. ತಮ್ಮಲ್ಲಿ ನಮ್ಮ ಬೇಡಿಕೆಗಳು ಬಹಳ ಸಣ್ಣವು. ಅಳತೆಯ ಪಟ್ಟಿಯಲ್ಲಿ ಕೊಂಬಿಗೆ ಒಂದು ಜಾಗ ಕೊಡಬೇಕು. ಗ್ರಾಹಕರು ಕೊಡುವ ನಕ್ಷತ್ರಗಳ ಪಕ್ಕದಲ್ಲಿ, ಜೂಲವನ್ನು ನೆಕ್ಕಿ ಮೆಚ್ಚುಗೆ ಸೂಚಿಸುವವರಿಗೂ ಒಂದು ಗುರುತು ಇಡಬೇಕು. ಮತ್ತು ತಾವು ಒಂದು ಸೀಸನ್ನಿನ ಮಟ್ಟಿಗೆ ನ್ಯಾಮತಿಗೆ ಬಂದು, ನಮ್ಮ ಒಳಮನೆಯಲ್ಲಿ ಅತ್ತೆಯವರ ಪಕ್ಕ ಕೂತು, ಕಂಡದ್ದನ್ನು ಕಂಡ ತಕ್ಷಣ ಊರಿಗೆ ಹೇಳದೆ ಇರುವುದು ಹೇಗೆಂದು ಕಲಿಯಬೇಕು. ಉಪ್ಪಿಟ್ಟಿನ ಜವಾಬ್ದಾರಿ ಯಜಮಾನರದು.

ಹೊಲಿಗೆ ಬಿಟ್ಟು ಇಷ್ಟು ಹೊತ್ತು ಬರೆಯುವಷ್ಟು ಸಲುಗೆ ತಮ್ಮ ಮೇಲೆ ಇನ್ನೂ ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ನೇತ್ರಾವತಿ ಕಲ್ಲೇಶ್
ಹೋರಿ ಸಿಂಗಾರದ ಅಂಗಡಿ, ನ್ಯಾಮತಿ

ತಾ.ಕ.: ಗಿಳಿಗಳ ಜೂಲ ಹಾಗೆಯೇ ಉಳಿದಿದೆ. ತಾವು ಅದನ್ನು ಮೂರು ತಾಲ್ಲೂಕಿಗೆ ತೋರಿಸಿದ್ದರಿಂದ ಎಲ್ಲರೂ ಅದನ್ನು ಮೆಚ್ಚಿದ್ದಾರೆ, ಹೊದಿಸಲು ಮಾತ್ರ ಯಾರೂ ಒಪ್ಪುತ್ತಿಲ್ಲ. ಹಾಗಾಗಿ ಅದನ್ನು ತಮಗೇ ಉಡುಗೊರೆಯಾಗಿ ಕಳಿಸಬೇಕೆಂದು ಮನೆಯವರೆಲ್ಲ ನಿರ್ಧರಿಸಿದ್ದೇವೆ. ದಯವಿಟ್ಟು ಹೆಗಲ ಮೇಲಿನ ಹಿಣಿಲಿನಿಂದ ಬಾಲದ ಬುಡದವರೆಗೆ ತಮ್ಮ ಬೆನ್ನಿನ ಅಳತೆ ಕಳಿಸಿ, ಯಾರಿಗೂ ಹೇಳುವುದಿಲ್ಲ.